ಎರಡು ಸುತ್ತು ಕಾಗದ

ಲಂಡನ್ನಿನ ಸಟನ್‌ನಲ್ಲಿದ್ದ ನಮ್ಮ ಮನೆಯ ಅಡುಗೆಮನೆಯಲ್ಲಿ ಹತ್ತಾರು ವರ್ಷ ಕೋವಿಯ ಸೀಸದ ಗುಂಡಿಗೆ ಕಾಗದ ಸುತ್ತುವ ಕೆಲಸ ನಡೆಯಿತು. ಹೀಗೆಂದರೆ ಊರಿನ ಕಡೆಯವರು ಮೊದಲು ನಗುತ್ತಾರೆ, ಆಮೇಲೆ ಮೆಲ್ಲಗೆ ಬಾಗಿಲ ಕಡೆ ನೋಡುತ್ತಾರೆ. ಹೆದರುವಂಥದ್ದು ಏನೂ ಇರಲಿಲ್ಲ. ಮೇಜಿನ ಒಂದು ತುದಿಯಲ್ಲಿ ನಾನು ಬೀನ್ಸ್ ಮುರಿಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ನನ್ನ ಗಂಡ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಗುಂಡು ಸುತ್ತುತ್ತಿದ್ದರು. ರೇಡಿಯೊ ತನ್ನ ಪಾಡಿಗೆ ಹಾಡುತ್ತಿತ್ತು.

ಇವರು ಬೆಂಗಳೂರಿನ ಶ್ರೀರಾಮಪುರದವರು, ಫಿಟ್ಟರ್ ಕೆಲಸ ಕಲಿತವರು. ಕ್ರೋಯ್ಡನ್‌ನಲ್ಲಿ ಅಳತೆಯ ಗೇಜುಗಳನ್ನು ತಯಾರಿಸುವ ಸಣ್ಣ ವರ್ಕ್‌ಶಾಪಿನಲ್ಲಿದ್ದರು. ನಾನು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು, ಆಸ್ಪತ್ರೆಯಲ್ಲಿ ನರ್ಸ್. ಇವರಿಗೆ ಕೊಂಕಣಿ ಬಾರದು. ಹಾಗಾಗಿ ಮನೆಯಲ್ಲಿ ಕನ್ನಡ, ಅದೂ ಎರಡು ಬಗೆಯದು. ನಾನು ‘ಉಂಟು’ ಎಂದಾಗಲೆಲ್ಲ ಇವರು ಸಣ್ಣಗೆ ನಗುತ್ತಿದ್ದರು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆ ನಗು ನಿಲ್ಲಲಿಲ್ಲ, ನನಗೆ ಸಿಟ್ಟು ಬರುವುದೂ ನಿಲ್ಲಲಿಲ್ಲ. ಮಗಳು ಇಬ್ಬರದ್ದನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಇವರಿಗೆ ಕೋವಿಯ ಹುಚ್ಚು ಹಿಡಿಸಿದ್ದು ವರ್ಕ್‌ಶಾಪಿನ ಒಬ್ಬ ಇಂಗ್ಲಿಷಿನವ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಭಾನುವಾರ ಇವರನ್ನು ಕಾರಿನಲ್ಲಿ ಹತ್ತಿಸಿಕೊಂಡು ಸರ್ರೆಯ ಕಡೆಯ ಒಂದು ಶೂಟಿಂಗ್ ರೇಂಜಿಗೆ ಹೋದ. ಇಗರ್ಜಿಗೆ ಬಾರದೆ ಹೋದರಲ್ಲ ಎಂದು ನಾನು ಬೆಳಗ್ಗೆಯಿಂದ ಉರಿಯುತ್ತಿದ್ದೆ. ಸಂಜೆ ಬಂದಾಗ ಇವರ ಕೆನ್ನೆಯ ಮೇಲೆ ಮಸಿ, ಅಂಗಿಯೆಲ್ಲ ಜಾತ್ರೆಯ ಗರ್ನಾಲು ಸಿಡಿದಂಥ ಮದ್ದಿನ ವಾಸನೆ. ಮುಖ ಮಾತ್ರ ನಾನು ಆ ದೇಶದಲ್ಲಿ ಅಷ್ಟರವರೆಗೆ ನೋಡಿರದಷ್ಟು ಅರಳಿದ ಮುಖ. ಒಂದು ವರ್ಷ ಕಳೆಯುವುದರೊಳಗೆ ಕ್ಲಬ್ಬಿನ ಸದಸ್ಯರಾದರು, ಲೈಸೆನ್ಸಿಗಾಗಿ ಪೊಲೀಸರು ಬಂದು ಮನೆ ನೋಡಿ ಹೋದರು, ಮೆಟ್ಟಿಲ ಕೆಳಗೆ ಗೋಡೆಗೆ ಬೋಲ್ಟು ಹೊಡೆದು ಉಕ್ಕಿನ ಕಪಾಟು ಕೂತಿತು. ಅದರೊಳಗೆ ನೂರು ವರ್ಷಕ್ಕೂ ಹಳೆಯದಾದ ಒಂದು ಕೋವಿ ಬಂದು ಸೇರಿತು.

ಅದಕ್ಕೆ ಒಂದು ಸಲಕ್ಕೆ ಒಂದೇ ಗುಂಡು. ಕೆಳಗಿನ ಲಿವರ್ ಇಳಿಸಿದರೆ ಹಿಂಬದಿಯ ಬಾಯಿ ತೆರೆಯುತ್ತದೆ. ಮದ್ದು ತುಂಬಿ ಗುಂಡು ಕೂರಿಸಿದ ಹಿತ್ತಾಳೆಯ ತೋಟೆಯನ್ನು ಒಳಗಿಟ್ಟು ಲಿವರ್ ಎತ್ತಬೇಕು, ಹೊಡೆಯಬೇಕು, ಮತ್ತೆ ಮೊದಲಿಂದ ಶುರು ಮಾಡಬೇಕು. ಇಷ್ಟು ನಿಧಾನದ ಕೋವಿ ಇಟ್ಟುಕೊಂಡು ಯಾವ ಹಂದಿ ಹೊಡೆಯುತ್ತೀರಿ ಎಂದು ನಾನು ಕೇಳಿದೆ. ಹಂದಿಯನ್ನು ಯಾರು ಹೊಡೀತಾರೆ, ಹೊಡೆಯುವುದು ಕಾಗದದ ಗುರಿಗೆ ಎಂದರು. ಕನ್ನಡದವರ ಹಬ್ಬದ ಊಟಗಳಲ್ಲಿ ಯಾರಾದರೂ ಇವರನ್ನು ಕೊಡಗಿನವರಾ ಎಂದು ಕೇಳುವುದು ವಾಡಿಕೆಯಾಯಿತು. ಶ್ರೀರಾಮಪುರ ಎಂದು ಇವರು ಹೇಳುವಾಗ ಕೇಳಿದವರಿಗೆ ನಿರಾಸೆಯಾಗುವುದನ್ನು ನೋಡಲು ನನಗೆ ಮಜವಾಗುತ್ತಿತ್ತು.

ಕೋವಿಗಿಂತ ಹೆಚ್ಚು ಹೊತ್ತು ತಿಂದದ್ದು ಗುಂಡು. ಬರಿಯ ಸೀಸದ ಗುಂಡು ಹಾರಿಸಿದರೆ ನಳಿಗೆಯ ಒಳಮೈಗೆ ಸೀಸ ಮೆತ್ತಿಕೊಳ್ಳುತ್ತದಂತೆ. ಅದಕ್ಕೆ ಆ ಕಾಲದವರು ಗುಂಡನ್ನು ನಳಿಗೆಗಿಂತ ಕೂದಲೆಳೆಯಷ್ಟು ಸಪೂರವಾಗಿ ಎರಕ ಹೊಯ್ದು, ಒದ್ದೆ ಮಾಡಿದ ತೆಳು ಕಾಗದವನ್ನು ಸರಿಯಾಗಿ ಎರಡು ಸುತ್ತು ಸುತ್ತುತ್ತಿದ್ದರು. ಕಾಗದದ ಎರಡು ತುದಿಗಳನ್ನೂ ಓರೆಯಾಗಿ ಕತ್ತರಿಸಿರುತ್ತಾರೆ. ಸುತ್ತು ಮುಗಿದಾಗ ತುದಿಗೆ ತುದಿ ತಾಗಿ ನಿಲ್ಲಬೇಕು. ಒಂದರ ಮೇಲೊಂದು ಏರಬಾರದು, ನಡುವೆ ಸಂದೂ ಬಿಡಬಾರದು. ಬುಡದಲ್ಲಿ ಉಳಿದ ಕಾಗದವನ್ನು ತಿರುಚಿ ಒತ್ತಿಬಿಡುವುದು. ಒಣಗುತ್ತ ಕಾಗದ ತಾನೇ ಬಿಗಿಯುತ್ತದೆ. ಕೋವಿಯಿಂದ ಹೊರಟ ಗುಂಡು ನಳಿಗೆಯ ಬಾಯಿ ದಾಟಿದೊಡನೆ ಆ ಕಾಗದವನ್ನು ಕಳಚಿ ಎಸೆದು ಹೋಗಬೇಕು. ಸುತ್ತು ಏರುಪೇರಾದರೆ ಕಾಗದ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಕಳಚಿ ಗುಂಡು ದಾರಿ ತಪ್ಪುತ್ತದೆ. ಇವರು ಇದನ್ನೆಲ್ಲ ನನಗೆ ಊಟದ ತಟ್ಟೆಯ ಮುಂದೆ, ಕೋಸಂಬರಿಯ ಸೌತೆಕಾಯಿಯನ್ನು ಗುಂಡು ಮಾಡಿಕೊಂಡು ವಿವರಿಸಿದರು.

ವಿವರಿಸುವ ಅಗತ್ಯವಿರಲಿಲ್ಲ. ಕಾಗದ ಕತ್ತರಿಸಲೆಂದು ಇವರು ಹಿತ್ತಾಳೆಯ ತಗಡಿನಲ್ಲಿ ಒಂದು ಅಚ್ಚು ಮಾಡಿಕೊಂಡು ತಂದ ದಿನವೇ ನಾನು ಅದನ್ನು ಗುರುತು ಹಿಡಿದಿದ್ದೆ. ನನ್ನ ತವರಿನಲ್ಲೂ ಅಂಥದ್ದೇ ಅಚ್ಚು ಇತ್ತು, ಕಬ್ಬಿಣದ್ದು. ಅದನ್ನು ಬೀಡಿ ಎಲೆಯ ಮೇಲಿಟ್ಟು ಸುತ್ತಲೂ ಕತ್ತರಿ ಆಡಿಸುವುದು. ಕೈಗೆ ಕತ್ತರಿ ಹಿಡಿಯಲು ಬಂದಂದಿನಿಂದ ನರ್ಸಿಂಗ್ ಕಲಿಯಲು ಮಂಗಳೂರಿಗೆ ಹೋಗುವವರೆಗೆ ನಾನು ಅಮ್ಮ, ಅಕ್ಕಂದಿರ ಜೊತೆ ಕೂತು ಬೀಡಿ ಕಟ್ಟಿದವಳು. ಶಾಲೆಗೆ ಹೋಗುವ ಮೊದಲು ಒಂದಿಷ್ಟು, ಬಂದ ಮೇಲೆ ಒಂದಿಷ್ಟು. ಮಂಗಳೂರಿಗೆ ಹೊರಟ ದಿನ ಬೀಡಿ ಕಟ್ಟುವ ಮೊರ, ಆ ತಡ್ಪೆಯನ್ನು ಅಕ್ಕನ ತೊಡೆಯ ಮೇಲಿಟ್ಟು, ಇನ್ನು ಸತ್ತರೂ ಏನನ್ನೂ ಸುತ್ತುವುದಿಲ್ಲ ಎಂದಿದ್ದೆ. ಅಕ್ಕ ಮೂಗು ಮುರಿದಳು, ಅಮ್ಮ ತಲೆ ಎತ್ತಲಿಲ್ಲ.

ಆದರೂ ಒಮ್ಮೆ ಕೈ ಹಾಕಿದೆ. ಇವರಿಗೆ ಶನಿವಾರದ ಓವರ್‌ಟೈಮ್ ಬಂದಿತ್ತು, ಮರುದಿನ ಸಂಜೆಗೆ ಗುಂಡು ಸುತ್ತಬೇಕಿತ್ತು. ಕಾಗದ ಕತ್ತರಿಸಿಟ್ಟಿದ್ದೇನೆ, ಸ್ವಲ್ಪ ಒದ್ದೆ ಮಾಡಿಡು ಎಂದು ಹೇಳಿ ಹೋದರು. ಬೀಡಿ ಎಲೆಯನ್ನು ಹದ ಮಾಡುವುದು ಹೇಗೆಂದು ನಮ್ಮ ಊರಿನ ಎಳೆಮಕ್ಕಳಿಗೂ ಗೊತ್ತು. ಚೆನ್ನಾಗಿ ನೀರಿನಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಬಿಗಿಯಾಗಿ ಸುತ್ತಿ, ಬೆಳಗಿನವರೆಗೆ ಹಾಗೇ ಬಿಡುವುದು. ಗೋಣಿ ಇಲ್ಲದ್ದಕ್ಕೆ ನಾನು ಟೀ ಟವೆಲ್ ತೆಗೆದುಕೊಂಡೆ. ಮರುದಿನ ಬಿಚ್ಚಿದಾಗ ಒಳಗೆ ಕಾಗದ ಇರಲಿಲ್ಲ, ಮಗುವಿಗೆ ತಿನ್ನಿಸುವ ಗಂಜಿಯಂಥದ್ದೇನೋ ಇತ್ತು. ಕಾಗದಕ್ಕೆ ನಾಲಿಗೆಯ ತುದಿಯಷ್ಟು ನೀರು ಸಾಕಂತೆ, ಅದೂ ಸುತ್ತುವ ಗಳಿಗೆಯಲ್ಲಿ. ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಅಷ್ಟು ಸಾಲದೆಂದು ಕ್ಲಬ್ಬಿನಲ್ಲೂ ಹೇಳಿ ನಗಿಸಿದರು. ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ನಿಮ್ಮ ಗುಂಡು ನಿಮಗೇ ಇರಲಿ ಎಂದು ಹೇಳಿ, ಆಮೇಲೆ ವರ್ಷಗಟ್ಟಲೆ ಮೇಜಿನ ಆ ತುದಿಗೆ ಹೋಗಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ವರ್ಕ್‌ಶಾಪ್ ಮುಚ್ಚಿತು. ಇವರಿಗೆ ಐವತ್ತು ದಾಟಿತ್ತು. ಮತ್ತೆ ಸಿಕ್ಕಿದ್ದು ದೊಡ್ಡ ಅಂಗಡಿಯೊಂದರ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ. ಇಂಚಿನ ಸಾವಿರದಲ್ಲೊಂದು ಭಾಗದಷ್ಟು ಅಳತೆ ಹಿಡಿಯುತ್ತಿದ್ದ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟರು. ಇವರು ದೂರಲಿಲ್ಲ, ಆದರೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಭಾನುವಾರ ಮಾತ್ರ ಬೇರೆ ಮನುಷ್ಯ. ಕ್ಲಬ್ಬಿನಲ್ಲಿ ಯಾರ ಕೋವಿಯ ಲಿವರ್ ಹಿಡಿದುಕೊಂಡರೂ, ಯಾರ ಎರಕದ ಅಚ್ಚು ಡೊಂಕಾದರೂ ಇವರ ಹತ್ತಿರವೇ ಬರುತ್ತಿದ್ದರು. ಅಲ್ಲಿ ಇವರ ಮಾತಿಗೆ ಜನ ಕಾಯುತ್ತಿದ್ದರು. ಆ ದೇಶದಲ್ಲಿ ಇವರಿಗೆ ಹಾಗೆ ಕಾಯುತ್ತಿದ್ದ ಜಾಗ ಅದೊಂದೇ. ಅದು ಗೊತ್ತಿದ್ದರಿಂದಲೇ ನಾನು ಕೋವಿಯನ್ನು ಸಹಿಸಿಕೊಂಡೆ.

ಅದಾಗಿ ನಾಲ್ಕೈದು ವರ್ಷಕ್ಕೆ ಇವರು ಕಾಗದದ ಮೇಲೆ ದೂರು ಶುರುಮಾಡಿದರು. ಗುಂಡು ಗುರಿಯಲ್ಲಿ ಚೆದುರಿ ಬೀಳುತ್ತಿತ್ತು. ಕಾಗದ ಕೆಟ್ಟದ್ದು, ಈಗಿನವರಿಗೆ ಕಾಗದ ಮಾಡಲು ಬರುವುದಿಲ್ಲ ಎಂದರು. ಬಸ್ಸು ಹತ್ತಿ ಕ್ರೋಯ್ಡನ್‌ನ ಸ್ಟೇಶನರಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಟೈಪ್‌ರೈಟರಿನ ತೆಳು ಹಾಳೆ ತಂದರು, ನಕಾಶೆ ಬರೆಯುವವರ ಹಾಳೆ ತಂದರು. ನನ್ನ ಕಪಾಟಿನಿಂದ ಹಳೆಯ ಏರ್‌ಮೇಲ್ ಪ್ಯಾಡ್ ಕಾಣೆಯಾಯಿತು. ಪ್ರತಿಯೊಂದು ಕಾಗದವೂ ಮೊದಲ ದಿನ ಅಪ್ಪಟ ಚಿನ್ನ, ಮುಂದಿನ ಭಾನುವಾರ ದರಿದ್ರ.

ಒಂದು ದಿನ ಮೇಜು ಒರೆಸುವಾಗ ಒಣಗಲು ಇಟ್ಟಿದ್ದ ಗುಂಡೊಂದನ್ನು ಕೈಗೆತ್ತಿಕೊಂಡೆ. ಬೀಡಿ ಕಟ್ಟಿದವರಿಗೆ ಒಂದು ಅಭ್ಯಾಸ ಇರುತ್ತದೆ, ಸುತ್ತಿದ ವಸ್ತು ಕೈಗೆ ಬಂದರೆ ಹೆಬ್ಬೆರಳು ತಾನಾಗಿ ಅದರ ಮೇಲೆ ಓಡುತ್ತದೆ. ಕಟ್ಟಿದ ಬೀಡಿ ತೆಗೆದುಕೊಳ್ಳುವ ನಮ್ಮೂರಿನ ಬ್ರಾಂಚಿನ ಚೆಕ್ಕರ್ ಕಟ್ಟು ಮುಟ್ಟಿದರೆ ಸಾಕು, ಯಾರ ಮನೆಯದೆಂದು ಕೇಳದೆಯೇ ಹೇಳುತ್ತಿದ್ದ. ನಮಗೂ ಅಷ್ಟು ಗೊತ್ತಾಗುತ್ತಿತ್ತು. ಅಮ್ಮನಿಗೆ ಗಂಟುನೋವು ಬಂದದ್ದನ್ನು ಅಮ್ಮ ಹೇಳುವ ಎಷ್ಟೋ ಮೊದಲು ನಾವು ಅವಳ ಬೀಡಿಯಲ್ಲಿ ನೋಡಿದ್ದೆವು. ಇವರ ಗುಂಡಿನ ಮೇಲೆ ಕಾಗದ ಮೊದಲ ಸುತ್ತಿನಲ್ಲಿ ಬಿಗಿಯಾಗಿ ಹೊರಟು, ಎರಡನೆಯ ಸುತ್ತಿನ ಅರ್ಧಕ್ಕೆ ಸಡಿಲವಾಗಿತ್ತು. ಇನ್ನೊಂದು ತೆಗೆದೆ, ಅದೂ ಹಾಗೆಯೇ. ತಟ್ಟೆಯಲ್ಲಿದ್ದ ಎಲ್ಲವನ್ನೂ ಮುಟ್ಟಿ ನೋಡಿದೆ. ಎಲ್ಲದರಲ್ಲೂ ಅದೇ ಜಾಗದಲ್ಲಿ ಹೆಬ್ಬೆರಳು ನಿಂತುಬಿಟ್ಟಿತು. ಕಾಗದ ಕೆಟ್ಟಿದ್ದರೆ ಒಂದೊಂದು ಒಂದೊಂದು ಥರ ಕೆಡಬೇಕಿತ್ತು.

ಆಮೇಲೆ ನಾನು ಇವರನ್ನು ನೋಡತೊಡಗಿದೆ. ಟಿವಿಯ ಮುಂದೆ ಕೂತಾಗ ಬಲಗೈ ತೊಡೆಯ ಮೇಲೆ ತಾನಾಗಿ ಅಲ್ಲಾಡುತ್ತಿತ್ತು, ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಅಂಗಿಯ ಗುಂಡಿ ಹಾಕಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ವಾರ್ಡಿನಲ್ಲಿ ಎಷ್ಟು ಜನರಲ್ಲಿ ನೋಡಿಲ್ಲ ನಾನು! ಗೊತ್ತಿದ್ದೂ ಎರಡು ಮೂರು ತಿಂಗಳು ಬಾಯಿ ಬಿಡಲಿಲ್ಲ. ಹೇಳಿದರೆ ಏನು ಹೋಗುತ್ತದೆಂದು ನನಗೆ ಗೊತ್ತಿತ್ತು. ಮೊದಲು ಕೋವಿ, ಅದರ ಹಿಂದೆಯೇ ಆ ಭಾನುವಾರಗಳು.

ಕೊನೆಗೆ ಇವರು ಮತ್ತೊಂದು ಹೊಸ ಕಾಗದದ ಕಟ್ಟು ತಂದು ಮೇಜಿನ ಮೇಲಿಟ್ಟ ದಿನ ನನ್ನ ತಾಳ್ಮೆ ಹಾರಿತು.

“ಕಾಗದಕ್ಕೆ ಎಂತ ಆಗಿಲ್ಲ ಮಾರಾಯ್ರೆ” ಎಂದೆ. “ಕೈಗೆ ಆಗಿದೆ. ಡಾಕ್ಟರನ್ನು ನೋಡುವ.”

“ನಿನ್ನ ನರ್ಸ್ ಕೆಲಸ ಆಸ್ಪತ್ರೇಲಿ ಇಟ್ಕೊ” ಎಂದರು.

ಒಂದು ವಾರ ಉಪ್ಪು ಬೇಕಾದರೂ ತಾವೇ ಎದ್ದು ಹೋಗಿ ತಂದುಕೊಳ್ಳುತ್ತಿದ್ದರು. ಆಮೇಲೆ ಒಂದು ಬೆಳಗ್ಗೆ ಬೂಟಿನ ಲೇಸು ಕಟ್ಟಲಾಗದೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕಟ್ಟಿದೆ. ಅಲ್ಲಿಂದ ನೇರ ಜಿಪಿ, ಅಂದರೆ ನಮ್ಮ ಏರಿಯಾದ ಡಾಕ್ಟರರ ಹತ್ತಿರ ಹೋದೆವು. ಜಿಪಿ ದೊಡ್ಡ ಡಾಕ್ಟರರ ಹತ್ತಿರ ಕಳಿಸಿದರು. ಅವರು ಇವರನ್ನು ನಡೆಸಿದರು, ಬೆರಳು ಆಡಿಸಲು ಹೇಳಿದರು, ಒಂದು ಸಾಲು ಬರೆಸಿದರು. ನನಗೆ ಗೊತ್ತಿದ್ದ ಹೆಸರನ್ನೇ ಹೇಳಿದರು, ಪಾರ್ಕಿನ್ಸನ್ ಎಂದು. ಮಾತ್ರೆ ಕೊಟ್ಟರು. ಸುಮ್ಮನಿದ್ದಾಗ ನಡುಗುವ ಕೈ, ಏನನ್ನಾದರೂ ಗಟ್ಟಿಯಾಗಿ ಹಿಡಿದಾಗ ಸದ್ಯಕ್ಕೆ ನಿಲ್ಲುತ್ತದೆ, ಸೂಕ್ಷ್ಮದ ಕೆಲಸ ಮಾತ್ರ ಕಷ್ಟ ಎಂದರು. ಇವರು ಅದರಲ್ಲಿ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು.

ಲೈಸೆನ್ಸ್ ಹೊಸದು ಮಾಡುವ ವರ್ಷವೂ ಅದೇ ಆಗಿತ್ತು. ಪೊಲೀಸ್ ಇಲಾಖೆಯಿಂದ ಒಬ್ಬ ಬಂದು ಸೋಫಾದ ಅಂಚಿನಲ್ಲಿ ಕೂತು, ಚಹಾ ಕುಡಿದು, ಡಾಕ್ಟರರ ಅಭಿಪ್ರಾಯ ಕೇಳಿಕೊಂಡ. ಒಳ್ಳೆಯವನೇ. ಸದ್ಯಕ್ಕೆ ಇರಲಿ, ಆದರೆ ಸರಿಯಿಲ್ಲ ಅನ್ನಿಸಿದ ದಿನ ನೀವೇ ತಿಳಿಸಬೇಕು ಎಂದು ಇವರಿಗೆ ಹೇಳಿ ಹೋದ. ಮಗಳು ಯೂನಿವರ್ಸಿಟಿಯಿಂದ ಫೋನ್ ಮಾಡಿ, ಡ್ಯಾಡ್ ಅದನ್ನು ಈಗಲೇ ಬಿಡಬೇಕು ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದಳು. ನಾನೂ ಅದನ್ನೇ ಹೇಳಿದೆ. ಇವರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಸಿಗೆಯಲ್ಲಿ ಕ್ಲಬ್ಬಿನವರ ಹಳೆಯ ಕೋವಿಗಳ ಪಂದ್ಯವಿತ್ತು, ವರ್ಷಕ್ಕೊಮ್ಮೆ ನಡೆಯುವುದು. ಅದರಲ್ಲಿ ಹೊಡೆಯಬೇಕು, ಹೊಡೆಯಲು ಆಗುತ್ತದೆಂದು ತೋರಿಸಬೇಕು. ಅಷ್ಟಾದರೆ ಕೋವಿ ಉಳಿಯುತ್ತದೆ ಎಂದು ಇವರ ಲೆಕ್ಕ. ಆದರೆ ಗುಂಡು ಸುತ್ತಲು ಇವರಿಂದ ಆಗುತ್ತಿರಲಿಲ್ಲ.

ನನ್ನನ್ನು ಕೇಳಲು ಇವರಿಗೆ ಬಹಳ ದಿನ ಹಿಡಿಯಿತು. ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದೆ ಬಂದು ನಿಂತರು.

“ನೀನು ಸುತ್ತಿಕೊಡ್ತೀಯಾ?”

ಇಲ್ಲ ಎನ್ನಲು ಬಾಯಿ ತೆರೆದವಳು ತಿರುಗಿ ನೋಡಿದೆ. ಇವರು ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಈ ಪಂದ್ಯಕ್ಕೆ ಮಾತ್ರ ಎಂದೆ.

ಬೀಡಿ ಕಟ್ಟಿದ ಕೈ, ಈ ಪಾಪದ ಗುಂಡು ಯಾವ ಲೆಕ್ಕ ಎಂದು ಕೂತೆ. ಗೀಟು ಹಾಕಿ ಕತ್ತರಿಸಿದೆ, ನಾಲಿಗೆಗೆ ತಾಗಿಸಿದೆ, ಗುಂಡನ್ನು ಇಟ್ಟು ಮೇಜಿನ ಮೇಲೆ ಉರುಳಿಸಿದೆ, ಬುಡ ಮಡಚಿದೆ. ಬೆರಳಿಗೆ ಎಲ್ಲವೂ ನೆನಪಿತ್ತು, ಅದಕ್ಕೆ ನನ್ನ ಮೇಲೆ ನನಗೇ ಸ್ವಲ್ಪ ಕೋಪ ಬಂತು. ಒಂದು ತಟ್ಟೆ ತುಂಬಿಸಿ ಮುಂದೆ ತಳ್ಳಿದೆ. ಒಣಗಿದ ಮೇಲೆ ಇವರು ಮೈಕ್ರೋಮೀಟರ್ ಹಿಡಿದು ಒಂದೊಂದನ್ನೇ ಅಳೆದರು. ಕೈ ನಡುಗುವುದರಿಂದ ಒಂದೊಂದಕ್ಕೂ ಯುಗ ಹಿಡಿಯಿತು. ಆಮೇಲೆ ಒಂದನ್ನು ತೆಗೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಇನ್ನೊಂದನ್ನೂ ಹಾಕಿದರು. ಅರ್ಧಕ್ಕಿಂತ ಹೆಚ್ಚು ಡಬ್ಬಿಗೇ ಹೋಯಿತು.

ನನಗೆ ಸಿಟ್ಟು ತಲೆಗೇರಿತು. ಬ್ರಾಂಚಿನ ಚೆಕ್ಕರ್ ಹೀಗೆಯೇ ನಮ್ಮ ಬೀಡಿ ಕಟ್ಟನ್ನು ಮುರಿದು ಪಕ್ಕಕ್ಕೆ ಎಸೆಯುತ್ತಿದ್ದ, ಅಮ್ಮ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಅಷ್ಟು ದೂರದಿಂದ ಇಷ್ಟು ದೂರ ಬಂದು, ನನ್ನ ಅಡುಗೆಮನೆಯಲ್ಲಿ, ನನ್ನ ಗಂಡನೇ ಚೆಕ್ಕರ್ ಆಗಿ ಕೂತಿದ್ದಾನೆ! ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಒಂದು ಬಟನ್ ಹಾಕಿಕೊಳ್ಳಲು ಬಾರದವರು ನನ್ನ ಕೈಗೆ ಹೆಸರಿಡುತ್ತೀರಾ ಎಂದು ಕೂಡ ಅಂದೆ. ಇವರು ಎಲ್ಲ ಕೇಳಿಸಿಕೊಂಡು, ಡಬ್ಬಿಯಿಂದ ಒಂದು ಗುಂಡು ತೆಗೆದು ನನ್ನ ಕೈಯಲ್ಲಿಟ್ಟು, ಉಗುರು ಓಡಿಸಿ ನೋಡು ಎಂದರು. ಓಡಿಸಿದೆ. ತುದಿ ತುದಿಯ ಮೇಲೆ ಏರಿತ್ತು. ಬೀಡಿಯಲ್ಲಿ ಎಲೆಯ ಅಂಚು ಅಂಚಿನ ಮೇಲೆ ಏರಲೇಬೇಕು, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ನನ್ನ ಬೆರಳು ಯಾರನ್ನೂ ಕೇಳದೆ ಕೊನೆಯಲ್ಲಿ ಆ ಒಂದು ಚೂರು ಹೆಚ್ಚು ಎಳೆದುಬಿಡುತ್ತಿತ್ತು.

ಆ ಚೂರನ್ನು ಬಿಡಿಸಿಕೊಳ್ಳಲು ನಾನು ಪಟ್ಟ ಪಾಡು ಯಾರಿಗೂ ಬೇಡ. ಎಳೆಯಬೇಡ, ನಿಲ್ಲು, ಅಷ್ಟೇ ಎಂದು ಇವರು ಎದುರು ಕೂತು ಹೇಳುತ್ತಿದ್ದರು, ಮಗುವಿಗೆ ನಡೆಯಲು ಕಲಿಸಿದ ಹಾಗೆ. ನಾನು ಬೈಯುತ್ತ ಸುತ್ತುತ್ತಿದ್ದೆ. ದಿನವೂ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿದು ಕೂರುವುದು. ಗೋಡೌನಿನ ಸಂಗತಿ, ಶ್ರೀರಾಮಪುರದ ಸಂಗತಿ, ಅಮ್ಮನ ಸಂಗತಿ, ಎಷ್ಟೋ ವರ್ಷದಿಂದ ಹೇಳದೆ ಉಳಿದದ್ದೆಲ್ಲ ಆ ಮೇಜಿನ ಮೇಲೆ ಬಂತು. ಡಬ್ಬಿಗೆ ಬೀಳುವುದು ಕಡಿಮೆಯಾಗುತ್ತ ಬಂದು, ಒಂದು ಸಂಜೆ ಒಂದೂ ಬೀಳಲಿಲ್ಲ. ಇವರು ತಲೆಯಾಡಿಸಿದರು, ಅಷ್ಟೇ. ನನಗೆ ಆ ದಿನಗಳಲ್ಲಿ ಬಹಳ ಖುಷಿಯಾಗಿತ್ತು. ಇದನ್ನು ಇವರಿಗೆ ನಾನು ಹೇಳಲಿಲ್ಲ.

ಪಂದ್ಯದ ದಿನ ಮೊದಲ ಸಲ ನಾನೂ ಜೊತೆಗೆ ಹೋದೆ. ಹೀದರ್ ಪೊದೆಗಳ ಬಯಲು, ಕೆಂಪು ಬಾವುಟಗಳು, ಬಹಳ ದೂರದಲ್ಲಿ ಅಂಚೆಚೀಟಿಯಷ್ಟು ಕಾಣುವ ಗುರಿಹಲಗೆಗಳು, ಅದರ ಹಿಂದೆ ಮಣ್ಣಿನ ದಿಬ್ಬ. ಗುರಿಹಲಗೆಯ ಕೆಳಗಿನ ಹೊಂಡದಲ್ಲಿ ಕೂತವರು ಪ್ರತಿ ಗುಂಡಿನ ನಂತರ ಹಲಗೆಯನ್ನು ಇಳಿಸಿ, ಗುಂಡು ಬಿದ್ದ ಜಾಗಕ್ಕೆ ಒಂದು ಬಿಲ್ಲೆ ಸಿಕ್ಕಿಸಿ ಮೇಲೆತ್ತುತ್ತಿದ್ದರು. ಹಿಂದಿನ ಸಾಲಿನಲ್ಲಿ ನನಗೊಂದು ಮಡಚುವ ಕುರ್ಚಿ, ಕಿವಿಗೆ ಮುಚ್ಚಳ, ನೋಡಲು ದುರ್ಬೀನು ಕೊಟ್ಟರು. ಕ್ಲಬ್ಬಿನವರೆಲ್ಲ ಬಂದು ಇವರ ಕೈಕುಲುಕಿದರು. ಗುಂಡು ಸುತ್ತಿದ್ದು ನಾನೆಂದು ಇವರೇ ಎಲ್ಲರಿಗೂ ಹೇಳಿದರು. ಟವೆಲಿನ ಕತೆ ನೆನಪಿದ್ದವನೊಬ್ಬ ನಕ್ಕ. ಇವರು ನಗಲಿಲ್ಲ.

ಇವರು ಚಾಪೆಯ ಮೇಲೆ ಬೋರಲು ಮಲಗಿ, ಪಟ್ಟಿಯನ್ನು ತೋಳಿಗೆ ಬಿಗಿದು ಕೋವಿ ಹಿಡಿದರು. ಕೈಯ ನಡುಕ ನಿಂತುಬಿಟ್ಟಿತು. ಡಾಕ್ಟರರು ಹೇಳಿದ್ದು ಗೊತ್ತಿದ್ದೂ ನನ್ನ ಕಣ್ಣನ್ನು ನಂಬಲಾಗಲಿಲ್ಲ, ಎಷ್ಟೋ ತಿಂಗಳಿಂದ ಆ ಕೈ ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಮೊದಲ ಗುಂಡಿಗೆ ಬಿಳಿ ಹೊಗೆ ಮೋಡದ ಹಾಗೆ ಎದ್ದು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಚಾಪೆಯ ಮುಂದಿನ ಹುಲ್ಲಿನ ಮೇಲೆ ನನ್ನ ಕಾಗದ ಸಣ್ಣ ಸಣ್ಣ ಚೂರಾಗಿ ಬಿದ್ದಿತ್ತು, ಹೀಗೆಯೇ ಬೀಳಬೇಕೆಂದು ಇವರು ಹೇಳಿದ್ದರು. ದೂರದ ಹಲಗೆ ಮೇಲೆ ಬಂದಾಗ ಬಿಲ್ಲೆ ನಡುವಿನ ಕಪ್ಪು ವೃತ್ತದಲ್ಲಿತ್ತು. ಎರಡನೆಯದು ಅದರ ಪಕ್ಕದಲ್ಲಿ. ಮೂರನೆಯದೂ ಅಲ್ಲೇ. ಹಿಂದಿನ ಸಾಲಿನಲ್ಲಿ ಜನ ಪಿಸುಗುಟ್ಟತೊಡಗಿದರು. ನಾನು ಅಷ್ಟು ವರ್ಷ ಕೋವಿಯನ್ನು ಶಪಿಸಿದವಳು, ಹಾಯ್ ಜೆಜು, ಓ ಯೇಸುವೇ, ಇನ್ನೊಂದು, ಇನ್ನೊಂದು ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

ನಾಲ್ಕನೆಯದಕ್ಕೆ ಹಲಗೆ ಇಳಿಯಿತು, ಮತ್ತೆ ಮೇಲೆ ಬಂತು. ಹೊಸ ಬಿಲ್ಲೆ ಎಲ್ಲೂ ಇರಲಿಲ್ಲ. ಗುಂಡು ಹಲಗೆಯನ್ನು ಬಿಟ್ಟು ಹಿಂದಿನ ದಿಬ್ಬಕ್ಕೆ ಹೋಗಿತ್ತು. ಅಷ್ಟೇ ತಾನೇ, ಪಕ್ಕದವನದ್ದೂ ಒಂದು ಹಾಗೆ ಹೋಗಿತ್ತು. ಇವರು ಲಿವರ್ ಇಳಿಸಿ ಖಾಲಿ ತೋಟೆ ತೆಗೆದರು. ಹೊಸದನ್ನು ಇಡಲಿಲ್ಲ. ಕೋವಿಯನ್ನು ಬಾಯಿ ತೆರೆದೇ ಚಾಪೆಯ ಮೇಲೆ ಮಲಗಿಸಿ ಕೈ ಎತ್ತಿದರು.

ರೇಂಜಿನ ಉಸ್ತುವಾರಿ ನೋಡುವ ಮುದುಕ ಬಂದ. ಇವರು ಎದ್ದು ನಿಂತು ಅವನಿಗೆ ಏನೋ ಹೇಳಿದರು. ನಾನೂ ಹತ್ತಿರ ಹೋದೆ. ಅವನು ಇವರ ಹೆಗಲ ಮೇಲೆ ಕೈಯಿಟ್ಟು, ಗುಂಡು ದಿಬ್ಬದಲ್ಲೇ ಇದೆ, ಯಾರಿಗೂ ಏನೂ ಆಗಿಲ್ಲ, ಸ್ವಲ್ಪ ಹೊತ್ತು ಕೂತು ಮುಂದಿನ ಸರದಿ ಹೊಡೆ ಎನ್ನುತ್ತಿದ್ದ. ಇವರು ಬೇಡ ಎಂದು ತಲೆಯಾಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯಲ್ಲಿ ನಾನು ಸುತ್ತಿದ ಗುಂಡು ಸಾಲಾಗಿ ಕೂತಿತ್ತು. ಇನ್ನೂ ಇಷ್ಟು ಉಂಟಲ್ಲ, ಒಂದು ತಪ್ಪಿದರೆ ಎಂತ ಆಯ್ತು, ಹೊಡೀರಿ ಎಂದೆ. ಮಗಳೂ ನಾನೂ ಬಿಡಿ ಬಿಡಿ ಎಂದದ್ದೆಲ್ಲ ನನಗೆ ಆಗ ಮರೆತೇ ಹೋಗಿತ್ತು.

“ಗುಂಡು ಯಾವಾಗ ಹೋಯ್ತು ಅಂತ ಗೊತ್ತಾಗ್ಲಿಲ್ಲ ಕಣೇ” ಎಂದರು. “ನಾನಿನ್ನೂ ಗುರಿ ಹಿಡೀತಾ ಇದ್ದೆ. ಬೆರಳು ಎಳೆದುಬಿಡ್ತು.”

ಯಾರೂ ನೋಡಿರಲಿಲ್ಲ. ಹೇಳದೆ ಇದ್ದಿದ್ದರೆ ಮುದುಕನಿಗೆ, ಪೊಲೀಸರಿಗೆ, ಜೊತೆಯಲ್ಲಿ ಕೂತ ನನಗೆ ಕೂಡ ತಿಳಿಯುತ್ತಿರಲಿಲ್ಲ. ಮಾತ್ರೆಯ ಹೊತ್ತು ಸ್ವಲ್ಪ ಆಚೀಚೆ ಆಗಿರಬಹುದು, ಡಾಕ್ಟರರನ್ನು ಕೇಳಿ ಸರಿಮಾಡಿಕೊಳ್ಳಬಹುದು ಎಂದು ನರ್ಸಿನ ಬುದ್ಧಿಗೆ ಹೊಳೆಯಿತು. ಇವರ ಮುಖ ನೋಡಿ ಹೇಳಲಿಲ್ಲ. ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಇಷ್ಟು ನೆಟ್ಟಗಿನ ಮನುಷ್ಯನ ಕೈಗೇ ಇದು ಬರಬೇಕಿತ್ತಾ ಎಂದು ದೇವರ ಮೇಲೆ.

ಕೋವಿಯ ಪೆಟ್ಟಿಗೆಯ ಒಂದು ತುದಿ ಇವರು, ಒಂದು ತುದಿ ನಾನು ಹಿಡಿದು ಕಾರಿಗೆ ನಡೆದೆವು. ಕ್ಲಬ್ಬಿನವರು ದಾರಿ ಬಿಟ್ಟರು. ಕಾರು ನಾನೇ ಓಡಿಸಿದೆ. ಇವರು ಕಿಟಕಿಯಾಚೆ ನೋಡುತ್ತ ಕೂತರು. ಸಟನ್ ಬಂದು, ನಮ್ಮ ರಸ್ತೆಗೆ ತಿರುಗುವಾಗ ಬಾಯಿಬಿಟ್ಟರು.

“ನಾಳೆ ಪೊಲೀಸರಿಗೆ ಫೋನ್ ನೀನೇ ಮಾಡು. ನಾನು ಮಾಡಿದ್ರೆ ಅತ್ತುಬಿಡ್ತೀನಿ.”

ಮರುದಿನ ಬೆಳಗ್ಗೆ ಮಾಡಿದೆ. ಲೈಸೆನ್ಸ್ ನೋಡಿಕೊಳ್ಳುವ ಕಚೇರಿಯ ಹೆಂಗಸು ಹೆಸರು, ವಿಳಾಸ ಕೇಳಿ, ಕೋವಿಯನ್ನು ಯಾವಾಗ ಒಯ್ಯಲು ಬರಬೇಕೆಂದು ಮರ್ಯಾದೆಯಿಂದ ಕೇಳಿದಳು. ಆಮೇಲೆ ಕೋವಿಯ ಮೇಲೆ ಕೆತ್ತಿದ ನಂಬರು ಕೇಳಿದಳು. ಕಪಾಟಿನ ಬೀಗದ ಕೈ ಕೊಡಿ ಎಂದು ನಾನು ಇವರಿಗೆ ಸನ್ನೆ ಮಾಡಿದೆ. ಇವರು ಬೇಡವೆಂದು ತಲೆಯಾಡಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಂತು, ಒಂದೊಂದೇ ಅಂಕಿ ಹೇಳತೊಡಗಿದರು. ಇವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಫೋನಿಗೆ ಹೇಳುತ್ತ ಹೋದೆ. ನಾಲ್ಕು ಅಂಕಿ ಆದ ಮೇಲೆ ಇವರು ಸುಮ್ಮನಾದರು. ತನ್ನ ಬಳಿ ಇರುವ ದಾಖಲೆಯಲ್ಲಿ ಒಟ್ಟು ಐದು ಅಂಕಿ ಇದೆ ಎಂದಳು ಆ ಹೆಂಗಸು. ನಾನು ಫೋನ್ ಹಿಡಿದು ಇವರ ಬೆನ್ನನ್ನೇ ನೋಡುತ್ತ ನಿಂತೆ. ಅವಳೂ ಕಾದಳು, ಒಳ್ಳೆಯವಳು, ಅವಸರ ಮಾಡಲಿಲ್ಲ.

“ಹೇಳಿಬಿಡಿ” ಎಂದೆ.

“ಏಳು” ಎಂದರು.